ಲ್ಯಾಪ್‌ಟಾಪ್ ಏಳ್ತಿಲ್ಲ: ಪವರ್ ಬಟನ್ ಹಿಂದಿನ ಎಪ್ಪತ್ತು ವರ್ಷ

ಇದು ಈ ವಾರದ ಮಾತಿನ ಬರಹರೂಪ. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರು, ಲೋಕಲ್ ಟ್ರೇನಿನಲ್ಲಿ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈಯಲ್ಲಿ ಮೊಬೈಲು ಹಿಡ್ಕೊಂಡು ಓದೋರು, ಇದನ್ನೇ ಓದಬಹುದು. ಮಾತಾಡಿದ ಹಾಗೇ ಬಿಟ್ಟಿದ್ದೀನಿ, ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೀನಿ ಅಷ್ಟೆ.

"ಲ್ಯಾಪ್‌ಟಾಪ್ ಆನ್ ಆಗ್ತಿಲ್ಲ" ಅನ್ನೋದು "ಮೈಗೆ ಹುಷಾರಿಲ್ಲ" ಅಂದ ಹಾಗೆ. ಜ್ವರಾನಾ, ಹೊಟ್ಟೆನೋವಾ, ಕಾಲು ಉಳುಕಿದೆಯಾ, ಏನೂ ಗೊತ್ತಾಗಲ್ಲ. ಜೋಗೇಶ್ವರಿ ಸ್ಟೇಷನ್ ಹೊರಗೆ ಪೂರ್ವಕ್ಕಾಗಲಿ ಪಶ್ಚಿಮಕ್ಕಾಗಲಿ ನಡೆದರೆ ಮೊಬೈಲು, ಲ್ಯಾಪ್‌ಟಾಪ್ ರಿಪೇರಿಯ ಸಣ್ಣ ಸಣ್ಣ ಅಂಗಡಿಗಳು ಸಿಗುತ್ತವೆ. ಒಳ್ಳೆ ಕೈಗಾರರು ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ಹತ್ತರಲ್ಲಿ ಆರು ಸಲ ಕೇಳಿಬರೋ ತೀರ್ಪು ಒಂದೇ: "ಫಾರ್ಮ್ಯಾಟ್ ಮಾರ್ನಾ ಪಡೇಗಾ." ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ ಇದು. ಮೆಷಿನ್ ಎದ್ದು ಕೂರುತ್ತೆ, ಅದರೊಳಗಿದ್ದ ನಿಮ್ಮ ಹತ್ತು ವರ್ಷ ಇರಲ್ಲ.

ಮೂಗು ಉಳಿಸಿಕೊಳ್ಳಬೇಕು ಅಂದರೆ ಒಂದು ವಿಷಯ ಗೊತ್ತಿರಬೇಕು. ಪವರ್ ಬಟನ್ ಒತ್ತಿದಾಗಿಂದ ಡೆಸ್ಕ್‌ಟಾಪ್ ಕಾಣೋವರೆಗೆ ಮೆಷಿನ್ ಒಂದರ ಹಿಂದೊಂದು ಬಾಗಿಲು ದಾಟುತ್ತೆ. ಆ ಒಂದೊಂದು ಬಾಗಿಲನ್ನೂ ಒಂದೊಂದು ಕಾಲದಲ್ಲಿ ಒಬ್ಬೊಬ್ಬರು ಕಟ್ಟಿದ್ದಾರೆ. ನಮ್ಮ ಜೋಗೇಶ್ವರಿ ಗುಹೆ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಆರನೇ ಶತಮಾನದ ಆ ಶೈವ ಗುಹೆಗೆ ಪೂರ್ವದಿಂದ ಹೋದರೆ ಮೆಟ್ಟಿಲಿಳಿದು, ಮುಖಮಂಟಪ ದಾಟಿ, ಅಂಗಳ ದಾಟಿ, ಕಂಬಗಳ ಸಭಾಂಗಣ ಸೇರಿ, ಆಮೇಲೆ ಗರ್ಭಗುಡಿ. ಗರ್ಭಗುಡಿಯಲ್ಲಿ ಏನು ತೊಂದರೆಯೋ ಅಂತ ಯೋಚಿಸ್ತಾ ಕೂರೋ ಮೊದಲು, ನಾವು ಯಾವ ಬಾಗಿಲಲ್ಲಿ ನಿಂತಿದ್ದೀವಿ ಅಂತ ನೋಡಬೇಕು. ಇವತ್ತಿನ ಮಾತು ಆ ಬಾಗಿಲುಗಳ ಚರಿತ್ರೆ. ಜೊತೆಗೇ ರಿಪೇರಿಯ ಕ್ರಮ.

ಮೊದಲ ಆದೇಶ ಯಾರು ಕೊಟ್ಟರು?

ಕಂಪ್ಯೂಟರಿನ ಮೂಲ ಸಂಕಟ ಇದು: ಪ್ರೋಗ್ರಾಮ್ ಓದಿಕೊಳ್ಳೋಕೆ ಒಂದು ಪ್ರೋಗ್ರಾಮ್ ಬೇಕು. ಆ ಮೊದಲನೆಯದನ್ನು ಯಾರು ಓದಿಸ್ತಾರೆ?

1952ರ ಐಬಿಎಂ 701 ಯಂತ್ರದಲ್ಲಿ ಇದಕ್ಕೆ "ಲೋಡ್" ಅನ್ನೋ ಗುಂಡಿ ಇತ್ತು. ಒತ್ತಿದರೆ ಮೊದಲ ಕೆಲವು ಆದೇಶಗಳು ಕಾರ್ಡಿನಿಂದಲೋ ಟೇಪಿನಿಂದಲೋ ಒಳಗೆ ಬರುತ್ತಿದ್ದವು. ಅವು ಮುಂದಿನವನ್ನು ಕರೆಯುತ್ತಿದ್ದವು, ಮುಂದಿನವು ಅದರ ಮುಂದಿನವನ್ನು. ಇಂಗ್ಲಿಷಿನಲ್ಲಿ ಈ ಕೆಲಸಕ್ಕೆ ಬೂಟ್‌ಸ್ಟ್ರ್ಯಾಪ್ ಅಂತ ಹೆಸರು ಬಿತ್ತು. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನೇ ಮೇಲೆತ್ತಿಕೊಳ್ಳೋದು, ಅಂದರೆ ಆಗದ ಕೆಲಸ. ಅದರ ಮೊಟಕು ರೂಪವೇ ನಾವು ದಿನಾ ಹೇಳೋ "ಬೂಟ್". ನಾವೆಲ್ಲ ಕಾಲಿನ ಬೂಟಿಗೂ ಇದಕ್ಕೂ ಏನು ಸಂಬಂಧ ಅಂತ ಕೇಳದೇನೇ ಇಂಜಿನಿಯರಿಂಗ್ ಮುಗಿಸಿದವರು.

ಮುಂಬೈಗೂ ಈ ಕಥೆಯಲ್ಲಿ ಜಾಗ ಇದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ತಂಡ 1950ರ ದಶಕದಲ್ಲೇ ಕಂಪ್ಯೂಟರ್ ಕಟ್ಟೋಕೆ ಕೈಹಾಕಿತು. ಮೊದಲು ಒಂದು ಸಣ್ಣ ಪ್ರಾಯೋಗಿಕ ಯಂತ್ರ, ಆಮೇಲೆ 1960ರಲ್ಲಿ ಪೂರ್ತಿ ಯಂತ್ರ. 1962ರಲ್ಲಿ ನೆಹರೂ ಅದಕ್ಕೆ ಟಿಫ್ರ್ಯಾಕ್ ಅಂತ ಹೆಸರಿಟ್ಟರು. 40 ಬಿಟ್‌ಗಳ 2048 ಪದಗಳು ಹಿಡಿಯೋ ಸ್ಮೃತಿ. ಲೆಕ್ಕ ಹಾಕಿ: ಸುಮಾರು 10 ಕೆಬಿ. ಇವತ್ತು ವಾಟ್ಸಾಪಿನಲ್ಲಿ ಬರೋ "ಶುಭೋದಯ" ಚಿತ್ರ ಅದರಲ್ಲಿ ಹಿಡಿಯಲ್ಲ. ಪ್ರೋಗ್ರಾಮ್ ಒಳಗೆ ಹೋಗ್ತಿದ್ದದ್ದು ತೂತು ಹೊಡೆದ ಕಾಗದದ ಪಟ್ಟಿಯಲ್ಲಿ.

ಈಗ ನಮ್ಮ ಜೋಗೇಶ್ವರಿ–ವಿಕ್ರೋಲಿ ಲಿಂಕ್ ರೋಡ್ ನೆನಪು ಮಾಡ್ಕೊಳ್ಳಿ. ದಿನಾ ಟ್ರಾಫಿಕ್‌ನಲ್ಲಿ ಸಿಕ್ಕಿ ಬೈಕೊಳ್ಳೋ ಆ ರಸ್ತೆ ಪವಾಯಿಯ ಐಐಟಿ ಮುಂದೆ ಹಾದುಹೋಗುತ್ತೆ. ಸೋವಿಯತ್ ನೆರವಿನಿಂದ 1958ರಲ್ಲಿ ಶುರುವಾದ ಆ ಐಐಟಿಗೆ 1960ರ ದಶಕದಲ್ಲಿ ಮಿನ್ಸ್ಕ್ ಕಂಪ್ಯೂಟರ್ ಬಂತು. ಅದಕ್ಕೂ ಈಚೆಗೆ, ನಮಗೆ ಹತ್ತಿರದಲ್ಲಿ, ಸೀಪ್ಜ್. ಇಲೆಕ್ಟ್ರಾನಿಕ್ಸ್ ರಫ್ತಿಗಾಗಿ 1973ರಲ್ಲಿ ಹುಟ್ಟಿದ ವಲಯ. ಬೆಂಗಳೂರಿನ ಇಲೆಕ್ಟ್ರಾನಿಕ್ ಸಿಟಿ, ಐಟಿಪಿಎಲ್‌ನ ಹೆಸರು ಹೇಳಿಕೊಂಡು ನಾವು ಬೀಗ್ತೀವಿ. ಭಾರತದ ಸಾಫ್ಟ್‌ವೇರ್ ರಫ್ತು ಅಂಬೆಗಾಲಿಟ್ಟ ಜಾಗಗಳಲ್ಲಿ ಒಂದು ಈ ಗೇಟಿನ ಒಳಗಿದೆ.

ಸ್ವಿಚ್ಚಿನಿಂದ ಚಿಪ್ಪಿಗೆ

1975ರಲ್ಲಿ ಆಲ್ಟೇರ್ 8800 ಅನ್ನೋ ಸಣ್ಣ ಕಂಪ್ಯೂಟರ್ ಬಂತು. ಅದಕ್ಕೆ ಕೀಬೋರ್ಡ್ ಇಲ್ಲ, ಸ್ಕ್ರೀನ್ ಇಲ್ಲ, ಮುಂದೆ ಒಂದಿಷ್ಟು ಸ್ವಿಚ್ಚು. ಪ್ರತಿ ಸಲ ಕರೆಂಟ್ ಕೊಟ್ಟಾಗ್ಲೂ ಮೊದಲ ಆದೇಶಗಳನ್ನು ಒಂದೊಂದು ಸ್ವಿಚ್ ಮೇಲೆ ಕೆಳಗೆ ಮಾಡಿ ಕೈಯಾರೆ ತುಂಬಬೇಕು. ಬಿಲ್ ಗೇಟ್ಸ್ ಮತ್ತು ಪಾಲ್ ಆಲೆನ್ ಅದಕ್ಕೆ ಬೇಸಿಕ್ ಭಾಷೆ ಬರೆದರು. ತೋರಿಸೋಕೆ ಅಂತ ಆಲೆನ್ ವಿಮಾನ ಹತ್ತಿ ಹೊರಟರು. ವಿಮಾನ ಇಳಿಯೋ ಹೊತ್ತಿಗೆ ನೆನಪಾಯ್ತು, ಟೇಪಿನಿಂದ ಅದನ್ನು ಒಳಗೆ ತರೋ ಬೂಟ್ ಲೋಡರನ್ನೇ ಬರೆದಿಲ್ಲ ಅಂತ! ವಿಮಾನದಲ್ಲೇ ಕೂತು ಕಾಗದದ ಮೇಲೆ ಬರೆದು ಮುಗಿಸಿದರು. ಮೈಕ್ರೋಸಾಫ್ಟ್ ಕಥೆ ಬೂಟ್ ಆಗಿದ್ದು ಹಾಗೆ.

ಪ್ರತಿ ಸಲ ಸ್ವಿಚ್ ಆಡಿಸೋ ಕಷ್ಟಕ್ಕೆ ಪರಿಹಾರ ಅಂದರೆ, ಮೊದಲ ಆದೇಶಗಳನ್ನು ಅಳಿಸಿಹೋಗದ ಚಿಪ್ಪಿನಲ್ಲಿ ಬರೆದಿಟ್ಟುಬಿಡೋದು. 1981 ಆಗಸ್ಟ್ 12ರಂದು ಬಂದ ಐಬಿಎಂ ಪಿಸಿಯಲ್ಲಿ ಆ ಚಿಪ್ಪಿನ ಬರಹವೇ ಬಯಾಸ್. (ಅದಕ್ಕೆ ಒಂದೂವರೆ ತಿಂಗಳು ಮುಂಚೆ, ಜುಲೈ 2ಕ್ಕೆ, ಪುಣೆಯಲ್ಲಿ ಇನ್ಫೋಸಿಸ್ ನೋಂದಣಿ ಆಗಿತ್ತು. ಆ ವರ್ಷ ಎರಡು ಬೂಟ್!) ಬಯಾಸ್ ಅನ್ನೋ ಹೆಸರು ಗ್ಯಾರಿ ಕಿಲ್ಡಾಲ್ ಅವರ ಸಿಪಿ/ಎಂ ವ್ಯವಸ್ಥೆಯಿಂದ ಬಂದದ್ದು. ಆ ಪಿಸಿಯ 8088 ಪ್ರೊಸೆಸರ್ ಕರೆಂಟ್ ಬಂದ ಕೂಡಲೇ ಕಣ್ಣುಮುಚ್ಚಿಕೊಂಡು ಒಂದೇ ವಿಳಾಸಕ್ಕೆ ಹೋಗ್ತಿತ್ತು: ಅದರ 1 ಎಂಬಿ ವಿಳಾಸದ ಬೀದಿಯಲ್ಲಿ ಕೊನೆಗೆ 16 ಬೈಟ್ ಉಳಿದಿರೋ ಜಾಗ. ಅಲ್ಲಿ ಒಂದು ಚೀಟಿ: "ಬಯಾಸ್ ಇಂಥಾ ಕಡೆ ಇದೆ, ಅಲ್ಲಿಗೆ ಹೋಗು." ಆ ಬಯಾಸ್ ಬರೆದವರಲ್ಲಿ ಡೇವಿಡ್ ಬ್ರಾಡ್ಲಿ ಒಬ್ಬರು. ಕಂಟ್ರೋಲ್-ಆಲ್ಟ್-ಡಿಲೀಟ್ ಅವರದ್ದೇ ಕೊಡುಗೆ.

ಬಯಾಸ್ ಎದ್ದ ಕೂಡಲೇ ಮಾಡೋ ಕೆಲಸ ಹಾಜರಿ ತೆಗೆಯೋದು. ಮೆಮೊರಿ ಇದೆಯಾ, ಕೀಬೋರ್ಡ್ ಇದೆಯಾ, ಡಿಸ್ಕ್ ಇದೆಯಾ. ಇದಕ್ಕೆ ಪೋಸ್ಟ್ ಅಂತಾರೆ. ಸ್ಕ್ರೀನೇ ಕೆಟ್ಟಿದ್ದರೆ ಹೇಳೋದು ಹೇಗೆ? ಅದಕ್ಕೇ ಬೀಪ್ ಶಬ್ದ. ಇವತ್ತಿನ ಲ್ಯಾಪ್‌ಟಾಪ್‌ಗಳಲ್ಲಿ ಅದೇ ಭಾಷೆ ಚಾರ್ಜಿಂಗ್ ದೀಪ ಅಥವಾ ಕ್ಯಾಪ್ಸ್ ಲಾಕ್ ದೀಪ ಮಿನುಗೋ ಲೆಕ್ಕದಲ್ಲಿ ಉಳಿದಿದೆ.

ಇಲ್ಲಿವರೆಗಿನ ಚರಿತ್ರೆಯಿಂದ ನಿಮಗೆ ಸಿಗೋ ರಿಪೇರಿ ಪಾಠ ಹೇಳ್ತೀನಿ.

ದೀಪವೂ ಇಲ್ಲ, ಫ್ಯಾನ್ ಸದ್ದೂ ಇಲ್ಲ ಅಂದರೆ ತೊಂದರೆ ಬಯಾಸ್‌ಗಿಂತ ಮುಂಚಿನದು. ಚಾರ್ಜರ್ ಬದಲಿಸಿ ನೋಡಿ. ಚಾರ್ಜರ್ ಕಿತ್ತು, ತೆಗೆಯೋ ಬ್ಯಾಟರಿ ಆಗಿದ್ದರೆ ಅದನ್ನೂ ತೆಗೆದು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡೀರಿ. ಒಳಗೆ ಉಳಿದ ಚಾರ್ಜ್ ಹೋಗುತ್ತೆ. ಆಮೇಲೆ ಚಾರ್ಜರ್ ಹಾಕಿ ಆನ್ ಮಾಡಿ. ನಗಬೇಡಿ, ಎಷ್ಟೋ ಸಲ ಇಷ್ಟಕ್ಕೇ ಏಳುತ್ತೆ.

ದೀಪ ಇದೆ, ಫ್ಯಾನ್ ತಿರುಗುತ್ತೆ, ಸ್ಕ್ರೀನ್ ಕಪ್ಪು ಅಂದರೆ ಮೊಬೈಲ್ ಟಾರ್ಚನ್ನು ಸ್ಕ್ರೀನಿಗೆ ಓರೆಯಾಗಿ ಹಿಡೀರಿ. ಮಸುಕಾಗಿ ಚಿತ್ರ ಕಂಡರೆ ಕೆಟ್ಟಿರೋದು ಹಿಂಬದಿಯ ಬೆಳಕು, ಕಂಪ್ಯೂಟರ್ ಅಲ್ಲ. ಮನೆಯ ಟಿವಿಗೆ ಎಚ್‌ಡಿಎಂಐ ವೈರ್ ಹಾಕಿ ನೋಡಿದರೂ ಗೊತ್ತಾಗುತ್ತೆ. ಅಲ್ಲೂ ಏನೂ ಇಲ್ಲ, ದೀಪ ಲೆಕ್ಕ ಹಾಕಿ ಮಿನುಗ್ತಿದೆ ಅಂದರೆ ಹೆಚ್ಚಾಗಿ ಅನುಮಾನ ರ್ಯಾಮ್ ಮೇಲೆ. ಮುಂಬೈ ಮಳೆಗಾಲದ ತೇವಕ್ಕೆ ರ್ಯಾಮಿನ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಪದರ ಕಟ್ಟುತ್ತೆ. ಬಿಚ್ಚಿ, ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಮತ್ತೆ ಕೂರಿಸೋದು ನಮ್ಮ ಅಂಗಡಿಯವರ ಹಳೇ ವಿದ್ಯೆ. ಅದು ಕೆಲಸ ಮಾಡುತ್ತೆ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ್ಯಾಮ್ ಬೋರ್ಡಿಗೇ ಬೆಸೆದಿರುತ್ತೆ, ಅಲ್ಲಿ ಈ ವಿದ್ಯೆ ನಡೆಯಲ್ಲ.

ಗಮನಿಸಿ, ಇಲ್ಲಿವರೆಗೆ ಯಾವ ತೊಂದರೆಗೂ ಫಾರ್ಮ್ಯಾಟ್ ಮದ್ದಲ್ಲ. ಡಿಸ್ಕಿನ ಹತ್ತಿರಕ್ಕೇ ನಾವಿನ್ನೂ ಹೋಗಿಲ್ಲ.

512 ಬೈಟ್‌ನ ಹೊಸ್ತಿಲು

ಹಾಜರಿ ಮುಗಿಸಿದ ಬಯಾಸ್ ಡಿಸ್ಕಿನ ಮೊಟ್ಟಮೊದಲ ತುಣುಕನ್ನು ಓದುತ್ತೆ. 512 ಬೈಟ್, ಅಷ್ಟೆ. 1983ರಲ್ಲಿ ಹಾರ್ಡ್ ಡಿಸ್ಕ್ ಇರೋ ಪಿಸಿ ಎಕ್ಸ್‌ಟಿ ಬಂದಾಗ ಈ ಹೊಸ್ತಿಲಿನ ಅಳತೆ ಗಟ್ಟಿಯಾಯ್ತು: 446 ಬೈಟ್ ಆದೇಶ, 64 ಬೈಟ್‌ನಲ್ಲಿ ನಾಲ್ಕು ಪಾರ್ಟಿಷನ್‌ಗಳ ಪಟ್ಟಿ, ಕೊನೆಗೆ 2 ಬೈಟ್ ಗುರುತು. ಆ ಗುರುತು ಸರಿಯಿಲ್ಲ ಅಂದರೆ ಬಯಾಸ್ ಒಳಗೆ ಕಾಲಿಡಲ್ಲ. ಪಟ್ಟಿಯಲ್ಲಿ ಪಾರ್ಟಿಷನ್ ನಾಲ್ಕೇ ಯಾಕೆ ಅಂತ ಕಾಲೇಜಿನಲ್ಲಿ ಉರು ಹೊಡೆದಿದ್ದೀವಲ್ಲ, ಜಾಗ ಅಷ್ಟೇ ಇತ್ತು, ಅದಕ್ಕೆ.

ಹೊಸ್ತಿಲು ಗೊತ್ತಾದ ಮೇಲೆ ಕಳ್ಳರು ಬರದೇ ಇರ್ತಾರಾ? 1986ರಲ್ಲಿ ಲಾಹೋರಿನ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಅನ್ನೋ ಅಣ್ಣತಮ್ಮಂದಿರು ಬರೆದ ಬ್ರೈನ್ ವೈರಸ್ ಫ್ಲಾಪಿಯ ಬೂಟ್ ಸೆಕ್ಟರ್‌ನಲ್ಲೇ ಕೂತಿತು. ಪಿಸಿಗಳ ಮೊದಲ ವೈರಸ್ ಅಂತ ಅದಕ್ಕೆ ಹೆಸರು. ಸ್ವಾರಸ್ಯ ಅಂದರೆ, ಅದರೊಳಗೆ ತಮ್ಮ ಹೆಸರು, ಅಂಗಡಿ ವಿಳಾಸ, ಫೋನ್ ನಂಬರ್ ಎಲ್ಲ ಬರೆದಿದ್ದರು!

ಅದಾಗಿ 12 ವರ್ಷಕ್ಕೆ ಬಂದದ್ದು ತಮಾಷೆಯದ್ದಲ್ಲ. ತೈವಾನಿನ ವಿದ್ಯಾರ್ಥಿ ಚೆನ್ ಇಂಗ್-ಹಾವ್ 1998ರಲ್ಲಿ ಬರೆದ ಸಿಐಎಚ್ ವೈರಸ್ 1999 ಏಪ್ರಿಲ್ 26ಕ್ಕೆ ಎದ್ದಿತು. ಚೆರ್ನೋಬಿಲ್ ದುರಂತದ ದಿನ ಅಂತ ಅದಕ್ಕೆ ಆ ಹೆಸರೂ ಅಂಟಿತು. ಡಿಸ್ಕಿನ ಮೊದಲ 1 ಎಂಬಿ ಅಳಿಸಿತು. ಕೆಲವು ಮೆಷಿನ್‌ಗಳಲ್ಲಿ ಬಯಾಸ್ ಚಿಪ್ಪಿನ ಮೇಲೇ ಕಸ ಬರೆಯಿತು. ಅಂಥ ಮೆಷಿನ್‌ಗೆ ಪವರ್ ಬಟನ್ ಒತ್ತಿದರೆ ಸದ್ದೇ ಇಲ್ಲ, ಚಿಪ್ ಬದಲಿಸಬೇಕು. ಏಷ್ಯಾದಲ್ಲಿ ತುಂಬ ಮೆಷಿನ್‌ಗಳು ಹೋದವು. ಆದರೆ ಡಿಸ್ಕಿನ ಮೊದಲ 1 ಎಂಬಿ ಹೋದರೂ ಅದರ ಹಿಂದೆ ಇದ್ದದ್ದು ಹಲವು ಸಲ ಹಾಗೇ ಇರ್ತಿತ್ತು. ಹೊಸ್ತಿಲು ಒಡೆದಿದೆ, ಮನೆ ಇದೆ. ಮತ್ತೆ ಹೊಸ್ತಿಲು ಕಟ್ಟಿ ಮನೆ ಉಳಿಸಿಕೊಂಡವರಿದ್ದಾರೆ. ಗಾಬರಿಬಿದ್ದು ಫಾರ್ಮ್ಯಾಟ್ ಮಾಡಿದವರು ಮನೆಯನ್ನೂ ಕಳ್ಕೊಂಡರು.

ಇವತ್ತು ಬಯಾಸ್ ಜಾಗಕ್ಕೆ ಯುಇಎಫ್ಐ ಬಂದಿದೆ. ಇಂಟೆಲ್ 1990ರ ದಶಕದ ಕೊನೆಗೆ ಶುರು ಮಾಡಿದ್ದು, 2005ರಿಂದ ಹಲವು ಕಂಪನಿಗಳ ಕೂಟದ ಕೈಗೆ ಬಂತು. 512 ಬೈಟ್‌ನ ಇಕ್ಕಟ್ಟು ಹೋಗಿ ಡಿಸ್ಕಿನಲ್ಲಿ ಬೂಟ್‌ಗೆ ಅಂತಲೇ ಒಂದು ಕೋಣೆ ಬಂತು. 2012ರ ವಿಂಡೋಸ್ 8 ಜೊತೆ ಸೆಕ್ಯೂರ್ ಬೂಟ್ ಅನ್ನೋ ಕಾವಲುಗಾರ ಹೊಸ ಮೆಷಿನ್‌ಗಳಿಗೆಲ್ಲ ಬಂದ. ಸಹಿ ಸರಿಯಿಲ್ಲದ ಲೋಡರನ್ನು ಅವನು ಒಳಗೆ ಬಿಡಲ್ಲ. ಬ್ರೈನ್ ಥರದ ಕಳ್ಳರಿಗೆ ದಾರಿ ಮುಚ್ಚಿದ್ದು ಹೀಗೆ.

ರಿಪೇರಿ ಪಾಠ: ಕಂಪನಿಯ ಲೋಗೋ ಬಂತು, ಆಮೇಲೆ "ನೋ ಬೂಟಬಲ್ ಡಿವೈಸ್" ಅಂತ ಬಂತು ಅಂದರೆ ಎಫ್2 ಒತ್ತಿ (ಕೆಲವಕ್ಕೆ ಎಫ್10, ಎಸ್ಕೇಪ್ ಅಥವಾ ಡಿಲೀಟ್) ಸೆಟಪ್‌ಗೆ ಹೋಗಿ. ಅಲ್ಲಿ ಎಸ್‌ಎಸ್‌ಡಿ ಹೆಸರು ಕಾಣ್ತಿದೆಯಾ? ಕಾಣ್ತಿದ್ದರೆ ಡಿಸ್ಕ್ ಉಸಿರಾಡ್ತಿದೆ, ಕೆಟ್ಟಿರೋದು ಬಹುಶಃ ಹೊಸ್ತಿಲು ಮಾತ್ರ. ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿದ್ದರೆ ಒಳಗಿನ ಸಣ್ಣ ನಾಣ್ಯದ ಬ್ಯಾಟರಿ ಮುಗಿದಿದೆ, ಬೂಟ್ ಕ್ರಮ ಮರೆತಿದೆ. ನೋಡಿ, ಆದರೆ ಗೊತ್ತಿಲ್ಲದೆ ಏನನ್ನೂ ಬದಲಿಸಬೇಡಿ. ಡಿಸ್ಕಿನ ಮೋಡ್ ಬದಲಿಸಿದರೆ ಸರಿ ಇರೋ ವಿಂಡೋಸ್ ಕೂಡ ಏಳಲ್ಲ. ಸೆಕ್ಯೂರ್ ಬೂಟ್ ಮುಟ್ಟಿದರೆ ಬಿಟ್‌ಲಾಕರ್ ಬೀಗ ಕೇಳಬಹುದು. ಆ ಬೀಗದ ವಿಷಯಕ್ಕೇ ಬರ್ತಿದ್ದೀನಿ.

ನಲವತ್ತೆಂಟು ಅಂಕಿ

ನಮ್ಮ ಕಟ್ಟಡದಲ್ಲಿ ಕುಂದಾಪುರ ಕಡೆಯ ಹಿರಿಯರೊಬ್ಬರಿದ್ದಾರೆ. ಹುಡುಗನಾಗಿ ಹೋಟೆಲ್ ಕೆಲಸಕ್ಕೆ ಮುಂಬೈಗೆ ಬಂದು, ಹಗಲು ಟೇಬಲ್ ಒರೆಸಿ ರಾತ್ರಿ ಕನ್ನಡ ಶಾಲೆಯಲ್ಲಿ ಕಲಿತವರು. ಮಗ ಜರ್ಮನಿಗೆ ಹೋಗುವಾಗ ಬಿಟ್ಟುಹೋದ ಲ್ಯಾಪ್‌ಟಾಪ್ ಅವರದ್ದು. ಅದರಲ್ಲಿ ಊರಿನ ಜಾಗದ ಪಹಣಿ, ಪಾಲುಪತ್ರದ ಸ್ಕ್ಯಾನ್, ತೀರಿಹೋದ ಹೆಂಡತಿಯ ಫೋಟೋಗಳು. ಹೋದ ಮಳೆಗಾಲದಲ್ಲಿ ಅದು ಏಳಲಿಲ್ಲ. ಅಂಗಡಿಯವನು ಮಾಮೂಲಿ ಮಂತ್ರ ಹೇಳಿದ. "ಎಲ್ಲ ಹೋಯ್ತಾ ಮಾರಾಯ?" ಅಂತ ನನ್ನ ಹತ್ತಿರ ತಂದರು.

ಸೆಟಪ್‌ನಲ್ಲಿ ಎಸ್‌ಎಸ್‌ಡಿ ಕಾಣ್ತಿತ್ತು. ವಿಂಡೋಸ್ ಲೋಗೋ ಬಂದು, ಚಕ್ರ ತಿರುಗಿ, ಮತ್ತೆ ಮೊದಲಿಂದ. ಲೋಗೋ ಬಂದಾಗ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡೋದನ್ನು ಎರಡು ಮೂರು ಸಲ ಮಾಡಿದರೆ ವಿಂಡೋಸ್ ತಾನೇ ರಿಪೇರಿ ಪರದೆಗೆ ಬರುತ್ತೆ. ಬಂತು. ಬಂದು ಕೇಳಿದ್ದು 48 ಅಂಕಿಯ ಬಿಟ್‌ಲಾಕರ್ ಕೀ. ಹಿರಿಯರು ಕೇಳಿದರು, "ಇದು ಯಾರು ಹಾಕಿದ ಬೀಗ? ನಾನು ಹಾಕ್ಲಿಲ್ವಲ್ಲ!"

ಪ್ರಶ್ನೆ ಸರಿಯಾದದ್ದು. ಬಿಟ್‌ಲಾಕರ್ 2007ರ ವಿಂಡೋಸ್ ವಿಸ್ಟಾ ಜೊತೆ ಬಂದಾಗ ಬೇಕಾದವರು ಹಾಕಿಕೊಳ್ಳೋ ಬೀಗ. ಈಗ ಎಷ್ಟೋ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದ ಕೂಡಲೇ ಸದ್ದಿಲ್ಲದೆ ಬೀಳುತ್ತೆ. ಕಳ್ಳತನ ಆದರೆ ಒಳ್ಳೇದೇ. ಕೀ ಎಲ್ಲಿರುತ್ತೆ? ಮೊದಲು ಲಾಗಿನ್ ಆದವರ ಅಕೌಂಟಿನಲ್ಲಿ. ಅಂದರೆ ಜರ್ಮನಿಯಲ್ಲಿ! ಮಗನಿಗೆ ಫೋನ್ ಹಚ್ಚಿದ್ವಿ, ಅವನು ಅಕೌಂಟ್ ತೆರೆದು ಆರಾರು ಅಂಕಿ ಓದಿದ, ನಾನು ಒತ್ತಿದೆ, ಬಾಗಿಲು ತೆರೆಯಿತು. ಮೊದಲು ಫೈಲುಗಳನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿ, ಆಮೇಲೆ ಸೇಫ್ ಮೋಡ್‌ಗೆ ಹೋಗಿ ಕೆಟ್ಟಿದ್ದ ಅಪ್‌ಡೇಟ್ ತೆಗೆದಿದ್ದಾಯ್ತು. ಅಂಗಡಿಯವನ ಮಾತು ಕೇಳಿ ಫಾರ್ಮ್ಯಾಟ್ ಮಾಡಿದ್ದರೆ ಅಲ್ಲಿಗೆ ಮುಗಿದಿತ್ತು. ಹಳೇ ಹಾರ್ಡ್ ಡಿಸ್ಕ್ ಕಾಲದಲ್ಲಿ ಫಾರ್ಮ್ಯಾಟ್ ಆದ ಮೇಲೂ ಫೈಲ್ ಹೆಕ್ಕಿ ತೆಗೆಯೋರಿದ್ದರು. ಎಸ್‌ಎಸ್‌ಡಿ ಹಾಗಲ್ಲ, ಖಾಲಿ ಅಂತ ಗುರುತಾದ ಜಾಗವನ್ನು ಅದು ತಾನೇ ಒರೆಸಿಬಿಡುತ್ತೆ. ಬೀಗ ಬೇರೆ ಇದ್ದರೆ ಕೇಳೋದೇ ಬೇಡ.

ಒಂದು ಶುಕ್ರವಾರ ಬೆಳಿಗ್ಗೆ

ಕೊನೆಯ ಬಾಗಿಲಿನ ದೊಡ್ಡ ಪಾಠ ನಿಮಗೆಲ್ಲ ನೆನಪಿರುತ್ತೆ. 2024 ಜುಲೈ 19. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9.39ಕ್ಕೆ ಕ್ರೌಡ್‌ಸ್ಟ್ರೈಕ್ ಅನ್ನೋ ಭದ್ರತಾ ಕಂಪನಿ ಒಂದು ಸಣ್ಣ ಫೈಲ್ ಕಳಿಸಿತು. 10.57ಕ್ಕೆ ವಾಪಸ್ ತಗೊಂಡಿತು. ಆ 78 ನಿಮಿಷದಲ್ಲಿ ಅದನ್ನು ಪಡೆದ ವಿಂಡೋಸ್ ಮೆಷಿನ್‌ಗಳು ನೀಲಿ ಪರದೆ ತೋರಿಸಿ ಬಿದ್ದವು. ಮೈಕ್ರೋಸಾಫ್ಟ್ ಅಂದಾಜಿಗೆ 85 ಲಕ್ಷ ಮೆಷಿನ್. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು.

ಹಾರ್ಡ್‌ವೇರ್ ಸರಿ, ಯುಇಎಫ್ಐ ಸರಿ, ಹೊಸ್ತಿಲು ಸರಿ. ವಿಂಡೋಸ್ ಏಳುವಾಗ ಎಲ್ಲರಿಗಿಂತ ಮೊದಲು ಒಳಗೆ ಬರೋ ಹಕ್ಕಿರೋ ಕಾವಲುಗಾರನೇ ಎಡವಿ ಬಾಗಿಲಿಗೆ ಅಡ್ಡ ಬಿದ್ದಿದ್ದ. ಮೆಷಿನ್ ಏಳದೆ ನೆಟ್‌ವರ್ಕ್ ಇಲ್ಲ, ನೆಟ್‌ವರ್ಕ್ ಇಲ್ಲದೆ ಸರಿಪಡಿಸಿದ ಫೈಲ್ ಬರಲ್ಲ. ತನ್ನನ್ನು ತಾನೇ ಎತ್ತಿಕೊಳ್ಳೋಕೆ ಆಗಲ್ಲ ಅನ್ನೋ 1952ರ ಸಂಕಟವೇ ಮತ್ತೆ. ಪರಿಹಾರವೂ ಹಳೇದೇ: ಮನುಷ್ಯ ಒಂದೊಂದು ಮೆಷಿನ್ ಹತ್ತಿರ ಹೋಗಬೇಕು, ಸೇಫ್ ಮೋಡ್‌ನಲ್ಲಿ ಎಬ್ಬಿಸಬೇಕು, ಸಿ-00000291 ಅಂತ ಶುರುವಾಗೋ ಫೈಲ್ ಅಳಿಸಬೇಕು. ಬಿಟ್‌ಲಾಕರ್ ಇದ್ದ ಕಡೆ ಪ್ರತಿ ಮೆಷಿನ್‌ಗೂ 48 ಅಂಕಿ. ಆ ವಾರಾಂತ್ಯ ಪೂರ್ತಿ ಆಫೀಸಿನಲ್ಲೇ ಕಳೆದವರು ನಿಮ್ಮಲ್ಲೂ ಇದ್ದೀರಿ, ನನಗೆ ಗೊತ್ತು. ಅವತ್ತು ಜಗತ್ತನ್ನು ಎಬ್ಬಿಸಿದ್ದು ನೀವು. ಅಷ್ಟು ದೊಡ್ಡ ಗಲಾಟೆಯಲ್ಲೂ ಮದ್ದು ಒಂದೇ ಫೈಲ್ ಅಳಿಸೋದಾಗಿತ್ತು, ಫಾರ್ಮ್ಯಾಟ್ ಅಲ್ಲ.

ಈ ಎಪ್ಪತ್ತು ವರ್ಷದ ಕಥೆಯಲ್ಲಿ ನನಗೆ ಕಾಣೋದು ಇಷ್ಟು. ಯಾವ ಮೆಷಿನ್ನೂ ತಾನಾಗೇ ಎದ್ದಿಲ್ಲ. ಮೊದಲ ಆದೇಶವನ್ನು ಯಾರೋ ಒಬ್ಬರು ಮುಂಚೆ ಬರೆದಿಟ್ಟಿರ್ತಾರೆ. ಮೊದಲು ಆ ಬರಹ ಆಪರೇಟರ್ ಕೈಯಲ್ಲಿತ್ತು, ಆಮೇಲೆ ನಿಮ್ಮ ಮೆಷಿನ್ನಿನ ಚಿಪ್ಪಿಗೆ ಬಂತು, ಈಗ ಅದರ ಕೀ ಯಾವುದೋ ಅಕೌಂಟಿನಲ್ಲಿದೆ. ಬಾಗಿಲು ಗಟ್ಟಿಯಾದಷ್ಟೂ ಕೀಲಿಕೈ ನಮ್ಮಿಂದ ದೂರ ಹೋಗಿದೆ.

ಅದಕ್ಕೆ ಈ ಭಾನುವಾರ, ಮೆಷಿನ್ ಚೆನ್ನಾಗಿರುವಾಗಲೇ, ಮೂರು ಕೆಲಸ ಮಾಡಿ. ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ರಿಕವರಿ ಕೀ ಹುಡುಕಿ, ಕಾಗದದ ಮೇಲೆ ಬರೆದು ಪಾಸ್‌ಪೋರ್ಟ್ ಜೊತೆ ಇಡಿ. ಊರಿನಲ್ಲಿ ಅಪ್ಪ ಅಮ್ಮನಿಗೆ ಕೊಟ್ಟ ಲ್ಯಾಪ್‌ಟಾಪಿನ ಕೀಯನ್ನೂ ಬರೆದು ಅವರ ಕೈಗೇ ಕೊಡಿ. ಕಂಪನಿ ಲ್ಯಾಪ್‌ಟಾಪಿನಲ್ಲಿ ಮನೆ ಕಾಗದ, ಮಕ್ಕಳ ಫೋಟೋ ಇದ್ದರೆ ಇವತ್ತೇ ನಿಮ್ಮ ಸ್ವಂತ ಡ್ರೈವ್‌ಗೆ ತೆಗೆದುಕೊಳ್ಳಿ. ಅದರ ಕೀ ಕಂಪನಿಯದ್ದು. ಕೆಲಸ ಹೋದ ದಿನ ಅದೂ ಹೋಗುತ್ತೆ.

ಆಮೇಲೆ ಯಾರಾದರೂ "ಫಾರ್ಮ್ಯಾಟ್ ಮಾರ್ನಾ ಪಡೇಗಾ" ಅಂದರೆ ಒಂದೇ ಪ್ರಶ್ನೆ ಕೇಳಿ: "ಯಾವ ಬಾಗಿಲಲ್ಲಿ ನಿಂತಿದೆ, ಅದು ಹೇಳಿ ಮೊದಲು." ಉತ್ತರ ಬರಲಿಲ್ಲ ಅಂದರೆ ಲ್ಯಾಪ್‌ಟಾಪ್ ಎತ್ಕೊಂಡು ಪಕ್ಕದ ಅಂಗಡಿಗೆ ನಡೀರಿ.